ಗಿಳಿ ಕೆತ್ತಿದ ಕೋವಿ

ಬೆಚ್ಚಿಬೀಳುವುದು ನನಗೆ ಹುಟ್ಟಿನಿಂದ ಬಂದ ಗುಣ. ಬೇರೆಯವರು ತಲೆಯಲ್ಲಾಡಿಸಿ ಮುಂದೆ ಹೋಗುವ ಸಂಗತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ತಂತಿ ತರುವವನು ನಮ್ಮ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಪಕ್ಕದ ಮನೆಗೆ ಹೋದರೂ ನಾನು ಒಂದು ಲೋಟ ನೀರು ಕುಡಿದು ಕೂರಬೇಕಾಗುತ್ತದೆ. ಸಕ್ಕರೆಯ ಬೆಲೆ ಕೇಳಿ ನಾನು 'ಆಂ?' ಎನ್ನುವುದಕ್ಕೆ ಸಾಗರದ ಪೇಟೆಯ ಅಂಗಡಿಯವರೆಲ್ಲ ಒಗ್ಗಿಹೋಗಿದ್ದಾರೆ. ಜವಳಿ ಅಂಗಡಿಯ ಒಬ್ಬರಂತೂ ಬೆಲೆ ಹೇಳುವ ಮೊದಲೇ ನನಗೆ ಸ್ಟೂಲು ಎಳೆದು ಕೊಡುತ್ತಾರೆ. ಇಂಥ ಮನುಷ್ಯ ಕೋವಿಯ ಹತ್ತಿರ ಸುಳಿಯಬಾರದು. ಸುಳಿಯುವ ಆಸೆ ನನಗೂ ಇರಲಿಲ್ಲ. ಆದರೆ ಹೆಣ್ಣು ನೋಡಲು ಹೋದ ದಿನ ನಾನು ಹೆಣ್ಣನ್ನು ನೋಡಿದೆನೇ ಹೊರತು, ಆ ಮನೆಯ ಜಗುಲಿಯ ಗೋಡೆಯ ಮೇಲೆ ಜಿಂಕೆಯ ಕೋಡಿಗೆ ತೂಗುಹಾಕಿದ್ದ ಕೇಪಿನ ಕೋವಿಯನ್ನು ನೋಡಲಿಲ್ಲ. ನೋಡಿದ್ದರೂ ಅದಕ್ಕೂ ಅಳಿಯನಿಗೂ ಏನೋ ಸಂಬಂಧವಿದೆಯೆಂದು ಯಾರಿಗೆ ತಾನೆ ಹೊಳೆಯುತ್ತದೆ?

ನಾನು ಸಾಗರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಪೇಟೆಯಲ್ಲೇ. ಹೆಂಡತಿ ನಾಗವೇಣಿ ತೀರ್ಥಹಳ್ಳಿ ಕಡೆಯವಳು; ಕವಲೇದುರ್ಗದ ಬುಡದಲ್ಲಿ ಅವಳ ತವರು. ಮಾವ ಶೇಷಪ್ಪಗೌಡರು ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ ಎನ್ನುವಂಥವರು. ಅವರ ಮನೆಯಲ್ಲಿ ಒಂದು ಪದ್ಧತಿಯುಂಟು. ಯುಗಾದಿಯ ಮಾರನೆಯ ದಿನ, ಅಂದರೆ ವರ್ಷತೊಡಕಿನ ದಿನ, ಕಣದ ಆಚೆಯ ಮಾವಿನ ಮರದ ಕೊಂಬೆಗೆ ಒಂದು ತೆಂಗಿನಕಾಯಿ ತೂಗುಹಾಕುತ್ತಾರೆ. ಮೊದಲು ಮನೆಯ ಯಜಮಾನ, ಆಮೇಲೆ ಅಳಿಯಂದಿರು ಹಿರಿತನದ ಪ್ರಕಾರ ಒಬ್ಬೊಬ್ಬರೂ ಒಂದೊಂದು ಗುಂಡು ಹೊಡೆಯಬೇಕು. ಅಳಿಯಂದಿರಲ್ಲಿ ಯಾರು ಕಾಯಿ ಬೀಳಿಸುತ್ತಾರೋ ಅವರ ಎಲೆಗೆ ಅಂದಿನ ಊಟದಲ್ಲಿ ಅತ್ತೆಯವರು ತಾವೇ ಬಂದು ಮೊದಲು ಬಡಿಸುತ್ತಾರೆ. ಬೀಳಿಸದವನಿಗೂ ಊಟವೇನೋ ಸಿಗುತ್ತದೆ, ಆದರೆ ಕಡುಬಿನ ಪಾತ್ರೆ ಅವನ ಹತ್ತಿರ ಬರುವ ಹೊತ್ತಿಗೆ ಎಲ್ಲರ ಕಣ್ಣೂ ಅವನ ಎಲೆಯ ಮೇಲಿರುತ್ತದೆ.

ಆ ಮನೆಯ ಹಿರಿಯ ಅಳಿಯ ಧರ್ಮಪ್ಪ ಭಾವ. ಕೊಪ್ಪದ ಕಡೆಯವರು, ದಪ್ಪ ಮೀಸೆ, ಹಾರುವ ಕಾಡುಕೋಳಿಯನ್ನೂ ಬಿಡದವರೆಂದು ಹೆಸರು. ಅವರು ಕೋವಿ ಎತ್ತಿದರೆ ಕಾಯಿ ತಾನಾಗಿಯೇ ಬೀಳುತ್ತದೋ ಎನಿಸುತ್ತಿತ್ತು. ಮದುವೆಯಾದ ವರ್ಷವೇ ನಾನು ಅವರ ನಂತರ ಕಣಕ್ಕೆ ಇಳಿಯಬೇಕಾಯಿತು. ಮಾವ ಕೋವಿಗೆ ಮದ್ದು ತುಂಬಿ, ಚರೆ ಹಾಕಿ, ಮೇಲೆ ತೆಂಗಿನ ನಾರು ಜಡಿದು ನನ್ನ ಕೈಗೆ ಕೊಟ್ಟರು. ಚರೆ ಎಂದರೆ ಮೆಣಸಿನಕಾಳಿನಷ್ಟು ದಪ್ಪದ ಸೀಸದ ಗುಂಡುಗಳು. ಒಂದು ಕಣ್ಣು ಮುಚ್ಚಬೇಕು ಎಂದು ಯಾರೋ ಹೇಳಿದರು. ನಾನು ಎರಡೂ ಮುಚ್ಚಿದೆ. ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ, ಕೇಳಿ ತಿಳಿದದ್ದು. ಕೋವಿ ಭುಜಕ್ಕೆ ಒದ್ದು ನಾನು ಕುಕ್ಕರಿಸಿ ಕೂತೆನಂತೆ, ಬಚ್ಚಲ ಮನೆಯ ಮಾಡಿನಿಂದ ಹೆಂಚುಗಳು ಜಾರಿ ಬಿದ್ದವಂತೆ, ಒಳಗೆ ಸ್ನಾನಕ್ಕೆ ಹೋಗಿದ್ದ ನೆಂಟರೊಬ್ಬರು ಸೋಪು ಹಚ್ಚಿಕೊಂಡ ಮೈಯಲ್ಲೇ ಹೊರಗೆ ಬಂದರಂತೆ. ಕಣ್ಣು ಬಿಟ್ಟಾಗ ನಾನು ಕಂಡದ್ದು ತೆಂಗಿನಕಾಯಿಯನ್ನು ಮಾತ್ರ. ಅದು ಇದ್ದಲ್ಲೇ ನೆಮ್ಮದಿಯಾಗಿ ತೂಗಾಡುತ್ತಿತ್ತು. ಧರ್ಮಪ್ಪ ಭಾವ ಮೀಸೆಯಡಿಯಲ್ಲೇ ನಕ್ಕು, "ಸಾಗರದ ಭಾವ ಹೆಂಚಿಗೇ ಗುರಿ ಇಟ್ಟಿದ್ರೆ ಅಡ್ಡಿಲ್ಲ, ಸರಿಯಾಗಿ ಬಿದ್ದಿದೆ" ಎಂದರು.

ನನಗಾದ ಅವಮಾನ ನನಗೆ ಹೊಸದಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ವರ್ಷಕ್ಕೊಮ್ಮೆ ಅದಕ್ಕಿಂತ ದೊಡ್ಡದು ಆಗುತ್ತದೆ. ಆದರೆ ಮರುದಿನ ಬಸ್ಸು ಹತ್ತಿದ ನಾಗವೇಣಿ ಹೊಸನಗರ ಬರುವ ತನಕ ಮಾತೇ ಆಡಲಿಲ್ಲ. ಹೊಸನಗರದಲ್ಲಿ ಬಸ್ಸು ಕಾಫಿಗೆ ನಿಂತಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಬರೋ ವರ್ಷ ಯುಗಾದಿಗೆ ಊರಿಗೆ ಹೋಗೂದು ಬ್ಯಾಡ" ಎಂದಳು. ನಾನು ಬೆಚ್ಚಿಬಿದ್ದೆ. ವರ್ಷವಿಡೀ ತವರಿನ ದಾರಿ ನೋಡುವವಳು ಅವಳು. ಗಂಡನನ್ನು ಎಲ್ಲರೂ ನೋಡಿ ನಗುವ ಕಣಕ್ಕೆ ಹೋಗುವುದಕ್ಕಿಂತ ತವರನ್ನೇ ಬಿಡುತ್ತೇನೆ ಎನ್ನುತ್ತಿದ್ದಾಳೆ! ನನಗೆ ನಿಜವಾಗಿ ಸಂಕಟವಾಯಿತು. ಅಲ್ಲೇ, ಹೊಸನಗರದ ಆ ಕಾಫಿ ಆರುವ ಮೊದಲೇ, ಮುಂದಿನ ಯುಗಾದಿಯೊಳಗೆ ಗುಂಡು ಹೊಡೆಯಲು ಕಲಿತೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಕಲಿಯುವುದಕ್ಕೆ ಕೋವಿ ಬೇಕಲ್ಲ! ಚೀನಾ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತಷ್ಟೆ. ಕೋವಿ ಎಂಬ ಮಾತೆತ್ತಿದರೆ ಕಚೇರಿಗಳಲ್ಲಿ ಕನ್ನಡಕ ಮೇಲೇರುತ್ತಿದ್ದ ಕಾಲ. ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತರನ್ನು ಮೆಲ್ಲಗೆ ವಿಚಾರಿಸಿದೆ. ಬೆಳೆ ರಕ್ಷಣೆಗಾದರೆ ಲೈಸೆನ್ಸು ಸಿಗಬಹುದು, ನಿಮ್ಮ ಬೆಳೆ ಯಾವುದು ಎಂದು ಅವರು ಕೇಳಿದರು. ಬಾಡಿಗೆ ಮನೆಯ ಹಿತ್ತಿಲಲ್ಲಿ ಕರಿಬೇವಿನ ಗಿಡವೊಂದಿತ್ತು, ಬಸಳೆಯ ಚಪ್ಪರವಿತ್ತು, ಎರಡನ್ನೂ ಹೇಳಿದೆ. ಬಸಳೆಗೆ ಯಾವ ಕಾಡುಪ್ರಾಣಿಯ ಕಾಟ ಎಂದು ಕೇಳಿದರು. ಬಸವನಹುಳು ಎಂದೆ. ಅವರು ನಗಲಿಲ್ಲ, ನಗದೇ ಇದ್ದದ್ದರಿಂದ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಮೋಜಿಗಾಗಿ, ಬರೀ ಗುರಿ ಹೊಡೆಯುವ ಹವ್ಯಾಸಕ್ಕಾಗಿ ಎಂದರೆ ಕೊಡುವುದಿಲ್ಲವೇ ಎಂದೆ. ಕೊಡುತ್ತಾರೆ, ಅದಕ್ಕೆ ದೊಡ್ಡ ಊರಿನ ರೈಫಲ್ ಕ್ಲಬ್ಬಿನ ಸದಸ್ಯರಾಗಬೇಕು, ಅದರ ಪ್ರವೇಶಧನ ಇಷ್ಟು, ಲೈಸೆನ್ಸಿನ ಶುಲ್ಕ ಇಷ್ಟು, ಕೋವಿಯ ಬೆಲೆ ಇಷ್ಟು ಎಂದು ಅವರು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತ ಹೋದರು. ಅಲ್ಲಿ ಸ್ಟೂಲು ಇರಲಿಲ್ಲ. ನಾನು ಕಂಬ ಹಿಡಿದುಕೊಂಡೆ. ಪೇಟೆಯಲ್ಲಿ ತೋಟಾದ ಬೆಲೆ ವಿಚಾರಿಸಿದ ಮೇಲಂತೂ ಆ ಆಸೆ ಪೂರಾ ಬಿಟ್ಟುಹೋಯಿತು. ಒಂದು ತೋಟಾದ ದುಡ್ಡಿಗೆ ಗಂಡ ಹೆಂಡತಿ ಇಬ್ಬರೂ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ಕಾಫಿ ಕುಡಿದು, ಎಲೆಯಡಿಕೆ ಹಾಕಿಕೊಂಡು ಬರಬಹುದಿತ್ತು. ನನ್ನಂಥವನು ಅಭ್ಯಾಸ ಮಾಡುವುದೆಂದರೆ ದಿನಕ್ಕಿಷ್ಟು ಮಸಾಲೆದೋಸೆಗಳನ್ನು ಆಕಾಶಕ್ಕೆ ಎಸೆಯುವುದು ಎಂದೇ ಅರ್ಥ.

ಅಗ್ಗದ ದಾರಿಯೂ ಒಂದಿತ್ತು. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆ ಹೊತ್ತು ಒಬ್ಬ ಹಲಗೆಗೆ ಬಲೂನು ಕಟ್ಟಿ ಏರ್‌ಗನ್ನಿನಿಂದ ಹೊಡೆಸುತ್ತಿದ್ದ. ಒಂದಾಣೆಯ ಹಳೆಯ ಲೆಕ್ಕದಲ್ಲೇ ವ್ಯಾಪಾರ. ನಾನು ಮಫ್ಲರು ಸುತ್ತಿಕೊಂಡು ಹೋದೆ. ಕೆಂಪು ಬಲೂನಿಗೆ ಗುರಿಯಿಟ್ಟರೆ ಹಳದಿ ಬಲೂನು ಒಡೆಯುತ್ತಿತ್ತು. ಇದು ನನ್ನ ದೋಷವೋ ಬಂದೂಕಿನದೋ ಎಂದು ಕೇಳಿದ್ದಕ್ಕೆ ಅವನು, ನಳಿಗೆ ಸ್ವಲ್ಪ ಎಡಕ್ಕೆ ಸೊಟ್ಟಗಿದೆ, ಅದಕ್ಕೇ ಈ ರೇಟಿಗೆ ಪೂರೈಸುತ್ತದೆ ಎಂದ. ಸೊಟ್ಟ ಬಂದೂಕಿನಲ್ಲಿ ಕಲಿತರೆ ನೇರ ಬಂದೂಕಿನಲ್ಲಿ ಮತ್ತೆ ಬಚ್ಚಲ ಮನೆಗೇ ಬಿದ್ದೀತೆಂದು ಹೆದರಿ ವಾಪಸು ಬಂದೆ.

ಆಗ ಸಂಘಕ್ಕೆ ಬರುವ ಒಬ್ಬರು, ಹೊಸನಗರದಲ್ಲಿ ಒಂದು ಏರ್‌ಗನ್ನು ಮಾರಾಟಕ್ಕಿದೆ ಎಂದು ಸುದ್ದಿ ಕೊಟ್ಟರು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಕಂಟ್ರಾಕ್ಟರೊಬ್ಬರ ರೈಟರದು ಅದು. ಕೆಲಸ ಮುಗಿದು ಊರಿಗೆ ಹೊರಟಿದ್ದಾರೆ, ಸಾಮಾನೆಲ್ಲ ಮಾರುತ್ತಿದ್ದಾರೆ. ಭಾನುವಾರ ಹೋದೆ. ರೈಟರು ಬಲು ಕಟ್ಟುನಿಟ್ಟಿನ ಮನುಷ್ಯ. ಬಂದೂಕು ತೋರಿಸುವ ಮೊದಲು ಕಾನೂನು ತಿಳಿಸಿದರು. ಒಂದಂಗುಲ ದಪ್ಪದ ಮೆದು ಮರದ ಹಲಗೆಯನ್ನು ಹತ್ತಿರದಿಂದ ಹೊಡೆದರೂ ತೂತು ಮಾಡಿ ಆಚೆ ಹೋಗದಂಥ ಏರ್‌ಗನ್ನಿಗೆ ಲೈಸೆನ್ಸು ಬೇಡ, ಹೋದರೆ ಬೇಕು. ನಮ್ಮದು ಪರೀಕ್ಷೆಯಲ್ಲಿ ಪಾಸಾದದ್ದು ಎಂದು ಹೆಮ್ಮೆಯಿಂದ ಹೇಳಿ, ನನಗೂ ತೋರಿಸುತ್ತೇನೆಂದು ಹಿತ್ತಿಲಿಗೆ ಕರೆದೊಯ್ದರು. ಮೆದು ಮರ ಯಾವುದೆಂಬ ಬಗ್ಗೆ ಅವರಿಗೂ ಅವರಿದ್ದ ಬಾಡಿಗೆ ಮನೆಯ ಯಜಮಾನರಿಗೂ ಸ್ವಲ್ಪ ಚರ್ಚೆಯಾಯಿತು. ಮಾವು ಎಂದು ಇವರು, ಬೂರುಗ ಎಂದು ಅವರು. ಕಡೆಗೆ ಕೈಗೆ ಸಿಕ್ಕ ಹಲಸಿನ ಹಲಗೆಯನ್ನೇ ನಿಲ್ಲಿಸಿ ಹೊಡೆದರು. ಗುಂಡು ಹಲಗೆಗೆ ಟಕ್ಕೆಂದು ತಾಗಿ ಹಿಂದಕ್ಕೆ ನೆಗೆದು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಹಪ್ಪಳ ಕೂಡ ಮುರಿಯಲಿಲ್ಲ. ರೈಟರು ನನ್ನ ಕಡೆ ತಿರುಗಿ ನೋಡಿದಿರಾ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಹಪ್ಪಳವನ್ನೂ ಮುರಿಯದ ಬಂದೂಕನ್ನು ತೆಗೆದುಕೊಂಡು ನಾನು ಏನು ಮಾಡಲಿ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಬೆಲೆ ಹೇಳಿದರು. ನನ್ನ ತಿಂಗಳ ಸಂಬಳಕ್ಕೆ ತುಸುವೇ ಕಡಿಮೆ. ನಾನು ಹಾಕಿದ 'ಆಂ?' ಕೇಳಿ ಮನೆಯ ಯಜಮಾನಿ ಹೊರಗೆ ಬಂದು, ಗುಂಡು ತಾಗಿತೇ ಎಂದು ವಿಚಾರಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಸರ್ಕಾರದ ಪ್ರಕಾರ ತಾಗುವ ಕೋವಿ ಇಡಬೇಕೆಂದರೆ ಕಾರಣ ಬೇಕು. ಕಾರಣವಿಲ್ಲದವನು ತಾಗದ ಕೋವಿ ಇಡಬೇಕು. ತಾಗದ ಕೋವಿಗೆ ಇಷ್ಟೊಂದು ಹಣ ಸುರಿಯುವ ಬದಲು ಮರದ ಕೋವಿಯನ್ನೇ ಮಾಡಿಸಿದರೆ ಹೇಗೆ? ಗುರಿಯಲ್ಲಿ ಅರ್ಧ ಹಿಡಿಯುವುದರಲ್ಲೇ ಇದೆ ಎಂದು ಮಾವ ಒಮ್ಮೆ ಹೇಳಿದ್ದರು. ಆ ಅರ್ಧವನ್ನಾದರೂ ಕಲಿತರೆ ಅರ್ಧ ಕಾಯಾದರೂ ಬೀಳಬಹುದು. ಈ ಯೋಚನೆ ಬಂದದ್ದಕ್ಕೆ ನನಗೆ ನನ್ನ ಮೇಲೇ ಅಭಿಮಾನ ಬಂತು. ಸಾಗರದವನಾಗಿ ಕೆತ್ತನೆಯ ಗುಡಿಗಾರರನ್ನು ಪಕ್ಕದ ಬೀದಿಯಲ್ಲಿಟ್ಟುಕೊಂಡು ಇಷ್ಟು ದಿನ ಅಲೆದೆನಲ್ಲ ಎನಿಸಿತು.

ಗುಡಿಗಾರ ರಾಮಣ್ಣನವರು ದೇವರ ಮಂಟಪ, ಆನೆ, ಗಂಧದ ಪೆಟ್ಟಿಗೆ ಎಲ್ಲ ಮಾಡಿದವರು, ಕೋವಿ ಮಾಡಿದವರಲ್ಲ. ನಾನು ಮಾಡಿಸುವುದು ಮಾಡಿಸುತ್ತೇನೆ, ಗಂಧದ್ದೇ ಇರಲಿ ಎಂದು ಜಂಬದಿಂದ ಹೇಳಿದೆ. ಅವರು ಉಳಿ ಕೆಳಗಿಟ್ಟರು. ಅಷ್ಟು ಗಂಧದ ತುಂಡು ಮನೆಯಲ್ಲಿಟ್ಟುಕೊಂಡರೆ ಅರಣ್ಯ ಇಲಾಖೆಯವರು ಬರುತ್ತಾರೆ, ಅದಕ್ಕೆ ಬೇರೆ ಪರ್ಮಿಟ್ಟು ಬೇಕು ಎಂದರು. ಕೋವಿಯ ಲೈಸೆನ್ಸಿನಿಂದ ತಪ್ಪಿಸಿಕೊಳ್ಳಲು ಬಂದವನು ಗಂಧದ ಪರ್ಮಿಟ್ಟಿಗೆ ಸಿಕ್ಕಿಬೀಳುವುದರಲ್ಲಿದ್ದೆ. ಕಡೆಗೆ ಶಿವನೆ ಮರ ಎಂದು ತೀರ್ಮಾನವಾಯಿತು. ಕೆಲವು ವಾರ ಬಿಟ್ಟು ಹೋದಾಗ ರಾಮಣ್ಣನವರು ಬಟ್ಟೆ ಸರಿಸಿ ಕೋವಿಯನ್ನು ತೋರಿಸಿದರು. ಅಳತೆ, ಆಕಾರ, ಬೆರಳಲ್ಲಿ ಎಳೆಯುವ ಕುದುರೆ, ನಳಿಗೆ ಎಲ್ಲ ಮಾವನ ಕೋವಿಯಂತೆಯೇ, ಕಪ್ಪು ಅರಗಿನ ಬಣ್ಣ ಬೇರೆ. ಆದರೆ ನಳಿಗೆಯ ಉದ್ದಕ್ಕೂ ಒಂದು ಬಳ್ಳಿ ಹಬ್ಬಿತ್ತು. ಹಿಡಿಯ ಮೇಲೆ, ಗುರಿಯಿಡುವಾಗ ಕೆನ್ನೆ ತಾಗುವ ಜಾಗದಲ್ಲಿ, ಒಂದು ಗಿಳಿ ಕೂತು ಹಣ್ಣು ಕಚ್ಚುತ್ತಿತ್ತು. ಇದೇಕೆ ಎಂದರೆ, "ಬರೀ ಕೊಳವೆ ನಮ್ಮ ಕೈಯಿಂದ ಹೊರಗೆ ಹೋದ್ರೆ ನಾಳೆ ಯಾರು ಕೆಲ್ಸ ಕೊಡ್ತಾರೆ" ಎಂದರು. ಕೂಲಿಯಲ್ಲಿ ಬಳ್ಳಿಗೆ ಬೇರೆ, ಗಿಳಿಗೆ ಬೇರೆ ಸೇರಿತ್ತು. ನನಗೆ ಮತ್ತೆ ನೀರು ಕುಡಿಯಬೇಕಾಯಿತು.

ಮಳೆಗಾಲವಿಡೀ ಅಭ್ಯಾಸ ನಡೆಯಿತು. ಸಂಘದಿಂದ ಬಂದವನೇ ಬಾಗಿಲು ಹಾಕಿ, ಗಿಳಿಯ ಮೇಲೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಗೋಡೆಯ ಮೊಳೆಗೆ ಗುರಿಯಿಡುತ್ತಿದ್ದೆ. ಸದ್ದನ್ನು ಬಾಯಿಯಲ್ಲೇ ಮಾಡುತ್ತಿದ್ದೆ. ಮೊದಮೊದಲು ನನ್ನದೇ ಸದ್ದಿಗೆ ನಾನೇ ಬೆಚ್ಚುತ್ತಿದ್ದೆ. ಶ್ರಾವಣದ ಹೊತ್ತಿಗೆ ಅದು ನಿಂತಿತು. ನಾಗವೇಣಿ ಅಡುಗೆ ಮನೆಯಿಂದ ಇಣುಕಿ ನೋಡಿ ಹೋಗುತ್ತಿದ್ದಳು. ಅವಳಿಗೆ ನನ್ನ ಶಪಥದ ವಿಷಯ ಹೇಳಿರಲಿಲ್ಲ. ಆದರೆ ಕೆನ್ನೆಯ ಮೇಲೆ ಗಿಳಿಯ ಅಚ್ಚು ಮೂಡಿದ ಗಂಡ ಯಾಕೆ ಹೀಗಾಡುತ್ತಾನೆಂದು ತಿಳಿಯದಷ್ಟು ದಡ್ಡಿ ಅವಳಲ್ಲ.

ಎಡವಟ್ಟಾದದ್ದು ಆಯುಧಪೂಜೆಯ ದಿನ. ಮಾವನ ಮನೆಯಲ್ಲಿ ಆಯುಧಪೂಜೆಯೆಂದರೆ ಮೊದಲು ಕೋವಿ, ಆಮೇಲೆ ಕತ್ತಿ ಕೊಡಲಿ. ನಮ್ಮ ಮನೆಯಲ್ಲಿ ಹೋದ ವರ್ಷದವರೆಗೆ ಈಳಿಗೆಮಣೆ, ನನ್ನ ಪೆನ್ನು ಮತ್ತು ಛತ್ರಿಗೆ ಪೂಜೆಯಾಗುತ್ತಿತ್ತು. ಈ ಸಲ ನಾನು ಸಂಘದ ಪೂಜೆ ಮುಗಿಸಿ ಬರುವಷ್ಟರಲ್ಲಿ ನಾಗವೇಣಿ ತವರಿನ ಪದ್ಧತಿಯಂತೆ ಮರದ ಕೋವಿಯನ್ನು ಮಣೆಯ ಮೇಲೆ ನಿಲ್ಲಿಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಅದರ ಬುಡದಲ್ಲಿ ನಿಂಬೆಹಣ್ಣಿಟ್ಟಿದ್ದಳು. ಹಾರದ ಅಡಿಯಲ್ಲಿ ಬಳ್ಳಿಯೂ ಮುಚ್ಚಿಹೋಗಿತ್ತು, ಗಿಳಿಯೂ ಮುಚ್ಚಿಹೋಗಿತ್ತು. ಬೀದಿಯ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬಂದು ಕೋವಿಗೂ ಕೈಮುಗಿದು ಹೋಗಿದ್ದರು. ಸಂಜೆಯೊಳಗೆ ಸಂಘದ ಗುಮಾಸ್ತ ಕೋವಿ ಇಟ್ಟಿದ್ದಾನೆ ಎಂದು ಪೇಟೆಗೆಲ್ಲ ಗೊತ್ತಾಯಿತು. ಮರುದಿನ ಬೆಳಿಗ್ಗೆ ಪೊಲೀಸ್ ದಫೇದಾರರು ನಮ್ಮ ಜಗುಲಿಯಲ್ಲಿ ಕೂತಿದ್ದರು.

ದಫೇದಾರರು ಲೈಸೆನ್ಸು ಕೇಳಿದರು. ನಾನು ಕೋವಿಯನ್ನೇ ತಂದು ಕೊಟ್ಟೆ. ಅವರು ಹಾರ ತೆಗೆದು, ತೂಗಿ ನೋಡಿ, ಉಗುರಿನಲ್ಲಿ ಕೆರೆದು, ನಳಿಗೆಗೆ ಕಣ್ಣಿಟ್ಟರು. ನಳಿಗೆಗೆ ತೂತೇ ಇರಲಿಲ್ಲ. ಆಮೇಲೆ ಗಿಳಿಯನ್ನು ಬಹಳ ಹೊತ್ತು ನೋಡಿದರು. ನಾಗವೇಣಿ ತಂದ ಕಾಫಿ ಕುಡಿಯುವಷ್ಟರಲ್ಲಿ ಅವರ ಮುಖ ಸಡಿಲವಾಯಿತು. ಮರದ ಕೋವಿಗೆ ಲೈಸೆನ್ಸು ಬೇಡ, ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ಆದರೆ ಅದನ್ನು ತೋರಿಸಿ ಯಾರನ್ನಾದರೂ ಹೆದರಿಸಿದರೆ ಮಾತ್ರ ನಿಜವಾದ ಕೇಸಾಗುತ್ತದೆ ಎಂದರು. ಇಲ್ಲಿಯ ತನಕ ಅದು ಹೆದರಿಸಿರುವುದು ನನ್ನೊಬ್ಬನನ್ನೇ ಎಂದು ಪ್ರಮಾಣ ಮಾಡಿದೆ. ಎದ್ದು ಹೊರಟವರು, ಯಾಕೆ ಮಾಡಿಸಿದಿರಿ ಎಂದು ಸುಮ್ಮನೆ ವಿಚಾರಿಸಿದರು. ನಾನು ಮಾವನ ಮನೆಯ ತೆಂಗಿನಕಾಯಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ದಫೇದಾರರು ಟೊಪ್ಪಿಗೆ ಸರಿಮಾಡಿಕೊಂಡರು. "ಲೈಸೆನ್ಸು ಯಾರ ಹೆಸ್ರಲ್ಲಿದೆಯೋ ಅವ್ರೇ ಹೊಡೀಬೇಕು ಸ್ವಾಮಿ. ಅಳಿಯ ಆಗ್ಲಿ, ಮಗ ಆಗ್ಲಿ, ಬೇರೆಯವ್ರು ಹೊಡೆದ್ರೆ ಇಬ್ರಿಗೂ ಕೇಸು. ಕೋವಿನೂ ಹೋಗ್ತದೆ" ಎಂದರು.

ನನ್ನ ಜೀವಮಾನದಲ್ಲಿ ಅಷ್ಟು ಬೆಚ್ಚಿದ್ದು ಅದೇ ಮೊದಲು. ಮರದ ಕೋವಿಗೆ ಹೆದರಿ ಕೂತವನು ನಿಜವಾದ ಅಪರಾಧವನ್ನು ಹೋದ ಯುಗಾದಿಯಲ್ಲೇ, ಇಡೀ ಊರಿನ ಎದುರು, ಬಚ್ಚಲ ಮನೆಯ ಹೆಂಚಿನ ಸಾಕ್ಷಿಯಾಗಿ ಮಾಡಿ ಮುಗಿಸಿದ್ದೆ! ದೀಪಾವಳಿಗೆ ಊರಿಗೆ ಹೋದಾಗ ಮಾವನನ್ನು ಜಗುಲಿಯಲ್ಲಿ ಕೂರಿಸಿಕೊಂಡು, ಕಾನೂನನ್ನೆಲ್ಲ ಬಿಡಿಸಿ ಹೇಳಿದೆ. ಕೋವಿ ಹೋಗುತ್ತದೆ ಎಂದಾಗ ಅವರು ಒಮ್ಮೆ ಗೋಡೆಯ ಕಡೆ ನೋಡಿದರು. ಅದು ಅವರ ತಂದೆಯ ಕಾಲದಿಂದ ಆ ಕೋಡಿನ ಮೇಲೆ ಇದ್ದ ಕೋವಿ. "ಹೌದಾ" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು. ಪೇಟೆಯ ಅಳಿಯನಿಂದಲೂ ಈ ಮನೆಗೆ ಒಂದು ಉಪಕಾರವಾಯಿತಲ್ಲ ಎಂದು ನಾನು ಬೀಗಿದೆ.

ಯುಗಾದಿ ಬಂತು. ನಾಗವೇಣಿ ಹೋಗೂದು ಬ್ಯಾಡ ಎಂದಿದ್ದವಳು ಒಂದು ವಾರ ಮೊದಲೇ ಸೀರೆ ಮಡಿಸಿಟ್ಟಿದ್ದಳು. ಅಳಿಯಂದಿರು ಹೊಡೆಯುವ ಪದ್ಧತಿಯನ್ನೇ ಮಾವ ನಿಲ್ಲಿಸಿರಬಹುದು ಎಂದು ನಾನು ಅರ್ಧ ಬೇಸರದಲ್ಲಿ, ಅರ್ಧ ಸಮಾಧಾನದಲ್ಲಿ ಇದ್ದೆ. ಆದರೆ ಮಾರನೆಯ ದಿನ ಎಂದಿನಂತೆ ಕಾಯಿ ತೂಗಿತು, ಊರಿನವರು ಸೇರಿದರು. ಮಾವ ಹೊಡೆದರು, ಕಾಯಿ ಚೂರಾಯಿತು. ಅತ್ತೆಯವರು ಇನ್ನೊಂದು ಕಾಯಿ ಕಟ್ಟಿಸಿದರು. ಮಾವ ಕೋವಿಯನ್ನು ಒಳಗೆ ತೆಗೆದುಕೊಂಡು ಹೋಗಿ ಮದ್ದು ತುಂಬಿ ತಂದು ಧರ್ಮಪ್ಪ ಭಾವನ ಕೈಗೆ ಕೊಟ್ಟರು. ಕಾನೂನಿನ ಭಯಕ್ಕೆ ಗುಟ್ಟಾಗಿ ತುಂಬಿರಬೇಕು ಎಂದುಕೊಂಡೆ. ಭಾವ ಗುರಿಯಿಟ್ಟರು, ಢಂ ಎಂದಿತು, ಹೊಗೆ ಸರಿಯಿತು. ಕಾಯಿ ಇದ್ದಲ್ಲೇ ಇತ್ತು.

ನಾನಂತೂ ಕಣ್ಣುಜ್ಜಿಕೊಂಡೆ. ಧರ್ಮಪ್ಪ ಭಾವ ಗುರಿ ತಪ್ಪುವುದೆಂದರೇನು! ಅವರು ಒಮ್ಮೆ ನಳಿಗೆಯನ್ನು ನೋಡಿದರು, ಒಮ್ಮೆ ಮಾವನ ಮುಖ ನೋಡಿದರು, ಆಮೇಲೆ ಪಕ್ಕಕ್ಕೆ ಸರಿದರು. ಮಾವ ಮತ್ತೆ ಒಳಗೆ ಹೋಗಿ ತುಂಬಿ ತಂದು ನನಗೆ ಕೊಟ್ಟರು. ನಾನು ಕೆನ್ನೆಯನ್ನು ಗಿಳಿಯಿರಬೇಕಾದ ಜಾಗಕ್ಕೆ ಒತ್ತಿದೆ. ಆಗಲೇ ಕಂಡದ್ದು: ಬಚ್ಚಲ ಮನೆಯ ಮೂಲೆಯಲ್ಲಿ, ಹೋದ ವರ್ಷ ನನ್ನ ಚರೆ ಬಿದ್ದ ಜಾಗದಲ್ಲೇ, ಅತ್ತೆಯವರು ಏನೋ ಕೆಲಸ ಹಿಡಿದುಕೊಂಡು ನಿರಾಳವಾಗಿ ನಿಂತಿದ್ದರು. ಈ ಅಳಿಯನ ಗುರಿಯ ಮೇಲೆ ಅವರಿಗೆ ಎಂಥ ನಂಬಿಕೆ ಎಂದುಕೊಂಡೆ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಕುದುರೆ ಎಳೆದೆ. ಢಂ! ಕಾಯಿ ದೊಪ್ಪನೆ ಕೆಳಗಿನ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಭುಜಕ್ಕೆ ಪೆಟ್ಟೂ ಬೀಳಲಿಲ್ಲ. ಅಭ್ಯಾಸದ ಬಲ ಎಂದುಕೊಂಡೆ. ಅಂದು ಅತ್ತೆಯವರು ಬಂದು ನನ್ನ ಎಲೆಗೆ ಮೊದಲು ಕಡುಬು ಬಡಿಸಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ನಾಗವೇಣಿಯ ಮುಖ ನೋಡಿ, ಬಳ್ಳಿಗೆ ಕೊಟ್ಟದ್ದೂ ಸಾರ್ಥಕ, ಗಿಳಿಗೆ ಕೊಟ್ಟದ್ದೂ ಸಾರ್ಥಕ ಎಂದು ಹಾಯಾಗಿ ಉಂಡೆ.

ಆ ಕಾಯಿಯ ಎರಡು ಹೋಳನ್ನೂ ಟವೆಲಿನಲ್ಲಿ ಸುತ್ತಿ ಸಾಗರಕ್ಕೆ ತಂದೆ. ಸಂಘದಲ್ಲಿ ಎಲ್ಲರಿಗೂ ತೋರಿಸಿ, ಕರಟಕ್ಕೆ ಎಣ್ಣೆ ಹಚ್ಚಿ ಗೋಡೆಗೆ ತೂಗುಹಾಕುವ ಯೋಚನೆಯಿತ್ತು. ಬೆಳಿಗ್ಗೆ ಎದ್ದು ನೋಡಿದರೆ ತಿಂಡಿಯ ತಟ್ಟೆಯಲ್ಲಿ ದೋಸೆ, ಪಕ್ಕದಲ್ಲಿ ಚಟ್ನಿ. ಯಾವ ಕಾಯಿ ಎಂದು ಕೇಳಿದೆ. ಅದೇ ಕಾಯಿ. ನಾನು ತಟ್ಟೆ ದೂಡಿದೆ. ಹುಚ್ಚಿಯೇ, ಒಳಗೆ ಚರೆ ಇರುತ್ತದೆ, ಹಲ್ಲು ಮುರಿಯುತ್ತದೆ, ಸೀಸ ಹೊಟ್ಟೆಗೆ ಹೋದರೆ ಗತಿಯೇನು ಎಂದು ಕೂಗಾಡಿದೆ. ನಾಗವೇಣಿ ಇನ್ನೊಂದು ದೋಸೆ ಮಗುಚುತ್ತ, "ಅದ್ರಲ್ಲಿ ಚರೆ ಇಲ್ಲ, ತಿನ್ನಿ" ಎಂದಳು. ಆಮೇಲೆ, ಹೇಳಬಾರದೆಂದು ಇದ್ದವಳು, ನಗು ತಡೆಯಲಾರದೆ ಹೇಳಿಯೇಬಿಟ್ಟಳು. ಬೇರೆಯವರು ಹೊಡೆದರೆ ಕೋವಿ ಹೋಗುತ್ತದೆಂದು ನಾನು ದೀಪಾವಳಿಯಲ್ಲಿ ಹೆದರಿಸಿದ್ದರಿಂದ ಮಾವ ನಿದ್ದೆಗೆಟ್ಟಿದ್ದರಂತೆ. ಪದ್ಧತಿ ಬಿಡುವ ಹಾಗಿಲ್ಲ, ಕೋವಿ ಕಳೆದುಕೊಳ್ಳುವ ಹಾಗಿಲ್ಲ. ಗುಂಡಿಲ್ಲದಿದ್ದರೆ ಅದು ಹೊಡೆದ ಲೆಕ್ಕವೇ ಅಲ್ಲ ಎಂದು ತಮಗೆ ತಾವೇ ತೀರ್ಮಾನಿಸಿ, ಅಳಿಯಂದಿರಿಬ್ಬರಿಗೂ ಬರೀ ಒಂದಿಷ್ಟು ಮದ್ದು, ಮೇಲೊಂದು ಹಿಡಿ ನಾರು ತುಂಬಿ ಕೊಟ್ಟಿದ್ದರು. ಎರಡನೆಯ ಕಾಯಿಯನ್ನು ಕೊಂಬೆಗೆ ಕಟ್ಟಿರಲೇ ಇಲ್ಲ. ಹಗ್ಗ ಕೊಂಬೆಯ ಮೇಲಿಂದ ಹಾದು ಬಚ್ಚಲ ಮನೆಯ ಮೂಲೆಗೆ ಬಂದಿತ್ತು. ಅದರ ತುದಿ ಅತ್ತೆಯವರ ಕೈಯಲ್ಲಿತ್ತು. ಧರ್ಮಪ್ಪ ಭಾವ ಹೊಡೆದಾಗ ಅವರು ಗಟ್ಟಿಯಾಗಿ 'ಹಿಡಿದಿದ್ದರು', ನಾನು ಹೊಡೆದಾಗ ಬಿಟ್ಟರು.

ನನ್ನ ಬಾಯಿಯಿಂದ 'ಆಂ?' ಕೂಡ ಹೊರಡಲಿಲ್ಲ. ಬಚ್ಚಲ ಮನೆಯ ಮೂಲೆಯಲ್ಲಿ ಕಂಡ ನಂಬಿಕೆ, ಭುಜಕ್ಕೆ ಬೀಳದ ಪೆಟ್ಟು, ಎಲ್ಲ ಒಂದೊಂದಾಗಿ ನೆನಪಾಯಿತು. ನನಗೋಸ್ಕರ ಅತ್ತೆಯವರು ಹೀಗೆ ಮಾಡಿದರೇ ಎಂದು ಮೆಲ್ಲಗೆ ಕೇಳಿದೆ. ನಾಗವೇಣಿಯ ನಗು ನಿಂತಿತು. "ನಿಮಗೋಸ್ಕರ ಎಂತಕ್ಕೆ? ನಾನು ಯುಗಾದಿಗೆ ಬರೂದಿಲ್ಲ ಅಂದಿದ್ದು ಅವ್ವಂಗೆ ಗೊತ್ತಿತ್ತು" ಎಂದಳು. ನಾನು ಚಟ್ನಿ ಹಚ್ಚಿಕೊಂಡು ದೋಸೆ ತಿಂದೆ. ಚಟ್ನಿ ಚೆನ್ನಾಗಿತ್ತು.

ಉಳಿದದ್ದು ಒಂದೇ ಸಮಾಧಾನ. ಧರ್ಮಪ್ಪ ಭಾವನಿಗೆ ಇದೆಲ್ಲ ಗೊತ್ತಿಲ್ಲವಲ್ಲ! ಮುಂದಿನ ತಿಂಗಳು ಅವರು ಏನೋ ಕೆಲಸದ ಮೇಲೆ ಸಾಗರಕ್ಕೆ ಬಂದು ನಮ್ಮಲ್ಲಿ ಇಳಿದರು. ಊಟವಾದ ಮೇಲೆ, ನೀವು ಊರಲ್ಲಿ ಹೇಳಿದ್ದ ಅಭ್ಯಾಸದ ಕೋವಿ ತೋರಿಸಿ ಎಂದರು. ನನಗೆ ಪಾಪ ಎನಿಸಿತು. ಗುರಿ ಕಳೆದುಕೊಂಡ ಮನುಷ್ಯ, ಹೊಡೆಯುವುದನ್ನು ನನ್ನಂಥವನಿಂದ ಕಲಿಯಲು ಬಂದಿದ್ದಾರೆ! ಗಿಳಿಯ ಮೇಲೆ ಕೆನ್ನೆ ಹೇಗಿಡಬೇಕು, ಉಸಿರು ಎಲ್ಲಿ ಹಿಡಿಯಬೇಕು ಎಂದು ದೊಡ್ಡ ಮನಸ್ಸಿನಿಂದ ವಿವರಿಸಿದೆ. ಅವರು ವಿಧೇಯರಾಗಿ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ, ನಾನು ಹೇಳಿದ ಹಾಗೆಲ್ಲ ಹಿಡಿದರು. ಬಳ್ಳಿಯ ಕೆಲಸವನ್ನು ಮನಸಾರೆ ಹೊಗಳಿದರು. ಅಡುಗೆ ಮನೆಯಲ್ಲಿ ನಾಗವೇಣಿಗೆ ಕೆಮ್ಮು ಬಂತು.

ಸಂಜೆ ಅವರನ್ನು ಬಸ್ಸು ಹತ್ತಿಸಲು ಹೊರಟೆ. ದಾರಿಯಲ್ಲಿ ಜವಳಿ ಅಂಗಡಿಯೊಂದರ ಮುಂದೆ ಅವರು ನಿಂತರು. ಗಾಜಿನೊಳಗೆ ತೂಗುಹಾಕಿದ್ದ ಸೀರೆಗಳನ್ನು ನೋಡುತ್ತ, "ಅಲ್ಲ ಭಾವ, ಬರೋ ಯುಗಾದಿಗೆ ಅತ್ತೆಮ್ಮಂಗೆ ಎಂತ ಬಣ್ಣದ ಸೀರೆ ತಗಂಡು ಹೋಗಾಣ?" ಎಂದರು. ನಾನು ನಿಂತಲ್ಲೇ ನಿಂತೆ. ಅವರು ಮೀಸೆಯಡಿಯಲ್ಲಿ ನಕ್ಕು, "ಈಡಿನಲ್ಲಿ ಚರೆ ಇಲ್ಲದಿದ್ದುದು ಭುಜಕ್ಕೇ ಗೊತ್ತಾಗ್ತದೆ ಮಾರಾಯ್ರೆ. ಹೊಡೆದ ಕೂಡ್ಲೇ ಗೊತ್ತಾಯ್ತು, ನಿಮ್ಮ ಕಾಯಿ ಬಿದ್ದಾಗ ಹಗ್ಗ ಅತ್ತೆಮ್ಮನ ಕೈಲಿ ಇದ್ದಿದ್ದೂ ಕಂಡ್ತು. ನಾಗವೇಣಿ ಮುಖ ನೋಡಿ ಸುಮ್ಮನಾದೆ. ಬ್ಯಾರೆ ಬ್ಯಾರೆ ಸೀರೆ ಎಂತಕ್ಕೆ, ಒಂದೇ ತಗಂಡ್ರೆ ಇಬ್ರಿಗೂ ಖರ್ಚು ಕಡ್ಮೆ" ಎಂದರು.

ಕೋವಿ, ಲೈಸೆನ್ಸು, ಕ್ಲಬ್ಬು, ತೋಟಾ, ಬಲೂನು, ಏರ್‌ಗನ್ನು, ಶಿವನೆ ಮರ, ಗಿಳಿ, ಇಷ್ಟೆಲ್ಲದರ ಬೆಲೆಯನ್ನೂ ಕಾನೂನನ್ನೂ ವರ್ಷವಿಡೀ ಹೋಲಿಸಿ ನೋಡಿದ ನನಗೆ ಈ ಬಾಬ್ತು ಹೊಳೆದೇ ಇರಲಿಲ್ಲ. ಸೀರೆಗೆ ಲೈಸೆನ್ಸು ಬೇಡ, ಪರ್ಮಿಟ್ಟು ಬೇಡ, ಅದನ್ನು ನೋಡಲು ಯಾವ ದಫೇದಾರರೂ ಬರುವುದಿಲ್ಲ. ಒಳಗೆ ಹೋದಾಗ ಅಂಗಡಿಯವರು ಬೆಲೆ ಹೇಳುವ ಮೊದಲು ರೂಢಿಯಂತೆ ನನಗೆ ಸ್ಟೂಲು ಎಳೆದರು. ಬೇಡ ಎಂದು ಕೈಸನ್ನೆ ಮಾಡಿ, ಬೆಲೆ ಕೇಳಿ, ಗುರಿ ಹಿಡಿಯುವುದು ಹೇಗೆಂದು ಮಧ್ಯಾಹ್ನವೆಲ್ಲ ಪಾಠ ಹೇಳಿದವನು, ನಿಂತುಕೊಂಡೇ ಜೇಬಿನಿಂದ ನನ್ನ ಪಾಲಿನ ಹಣ ತೆಗೆದು ಧರ್ಮಪ್ಪ ಭಾವನ ಕೈಯಲ್ಲಿಟ್ಟೆ.